ಎಲ್ಲರಿಗೂ ಸಲ್ಲಬೇಕಾದ ಮರ್ಯಾದೆ

ಪ್ರಶ್ನೆ: ನಮ್ಮದು ತಾಳವಾಡಿ ಬೆಟ್ಟದ ಸೀಮೆಯ ಪಣಕಹಳ್ಳಿ. ಹಿರಿಯರ ಕಾಲಿಗೆ ಬೀಳುವುದು, ಯಜಮಾನರು ಬಂದರೆ ಎದ್ದು ನಿಲ್ಲುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದಿದೆ. ಕ್ರೈಸ್ತರಾದ ನನ್ನ ಸ್ನೇಹಿತರೊಬ್ಬರು, ‘ಎಲ್ಲರಿಗೂ ಮರ್ಯಾದೆ ಕೊಡಬೇಕು, ಅಧಿಕಾರದಲ್ಲಿರುವವರಿಗೂ ಕೊಡಬೇಕು ಅಂತ ನಮ್ಮ ಬೈಬಲಿನಲ್ಲೇ ಇದೆ’ ಎನ್ನುತ್ತಾರೆ. ಆದರೆ ಅವರು ಯಾರ ಕಾಲಿಗೂ ಬೀಳುವುದಿಲ್ಲ. ಇದು ಹೇಗೆ? ಅಧಿಕಾರಿ ಅನ್ಯಾಯ ಮಾಡಿದರೂ ಅವರ ಧರ್ಮದ ಪ್ರಕಾರ ಸುಮ್ಮನೆ ತಲೆ ಬಗ್ಗಿಸಬೇಕೆ?

— ಓದುಗರೊಬ್ಬರು, ಪಣಕಹಳ್ಳಿ, ಈರೋಡ್ ಜಿಲ್ಲೆ

ಉತ್ತರ: ನಿಮ್ಮ ಸ್ನೇಹಿತರು ಹೇಳಿದ್ದು ಬೈಬಲಿನ ಹೊಸ ಒಡಂಬಡಿಕೆಯಲ್ಲಿದೆ. ಯೇಸುವಿನ ಶಿಷ್ಯ ಪೇತ್ರನ ಹೆಸರಿನಲ್ಲಿರುವ ಮೊದಲನೆಯ ಪತ್ರಿಕೆ, ಎರಡನೆಯ ಅಧ್ಯಾಯ, 17ನೆಯ ವಚನ. ಅಷ್ಟು ಚಿಕ್ಕ ವಚನದಲ್ಲಿ ನಾಲ್ಕು ಅಪ್ಪಣೆಗಳಿವೆ. ಮನುಷ್ಯರೆಲ್ಲರಿಗೂ ಮರ್ಯಾದೆ ಕೊಡಬೇಕು, ಜೊತೆಯ ವಿಶ್ವಾಸಿಗಳನ್ನು ಪ್ರೀತಿಸಬೇಕು, ದೇವರಿಗೆ ಭಯಪಡಬೇಕು, ಚಕ್ರವರ್ತಿಗೆ ಮರ್ಯಾದೆ ಕೊಡಬೇಕು ಎಂದು ಅದರ ತಾತ್ಪರ್ಯ. ಯಾರ ಪಾಲಿಗೆ ಏನು ಬಂತು ಎಂಬುದನ್ನು ನೋಡಿ. ಭಯ ದೇವರೊಬ್ಬನಿಗೆ. ಚಕ್ರವರ್ತಿಯ ಪಾಲಿಗೆ ಬಂದದ್ದು, ಸಂತೆಯಲ್ಲಿ ಸೊಪ್ಪು ಮಾರುವವಳಿಗೂ ಸಲ್ಲಬೇಕಾದ ಅದೇ ಮರ್ಯಾದೆ. ಅದಕ್ಕಿಂತ ಒಂದು ಗುಲಗಂಜಿಯಷ್ಟೂ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಈ ಮಾತು ಆ ಕಾಲಕ್ಕೆ ಎಷ್ಟು ದಿಟ್ಟವಾಗಿತ್ತು ಎಂಬುದು ಆ ಪತ್ರಿಕೆ ಯಾರಿಗೆ ಬರೆದದ್ದು ಎಂದು ತಿಳಿದರೆ ಗೊತ್ತಾಗುತ್ತದೆ. ಇವತ್ತಿನ ತುರ್ಕಿ ದೇಶದಲ್ಲಿದ್ದ ಪೊಂತ, ಗಲಾತ್ಯ, ಕಪ್ಪದೋಕ್ಯ, ಆಸ್ಯ, ಬಿಥೂನ್ಯ ಎಂಬ ರೋಮನ್ ಪ್ರಾಂತಗಳಲ್ಲಿ ಚದುರಿಹೋಗಿದ್ದ ಸಣ್ಣಪುಟ್ಟ ಜನರಿಗೆ ಅದನ್ನು ಬರೆದದ್ದು. ಆ ಸೀಮೆಯಲ್ಲಿ ಚಕ್ರವರ್ತಿಗೆ ಗುಡಿ ಕಟ್ಟಿ ಪೂಜೆ ಮಾಡುತ್ತಿದ್ದರು. ಪೆರ್ಗಮ ಪಟ್ಟಣದಲ್ಲಿ ಅಗಸ್ಟಸನಿಗೆ ಗುಡಿ ಕಟ್ಟಲು ಕ್ರಿ.ಪೂ. 29ರಲ್ಲೇ ಅಪ್ಪಣೆಯಾಗಿತ್ತು. ಕ್ರಿ.ಶ. 112ರ ಸುಮಾರಿಗೆ ಬಿಥೂನ್ಯ ಮತ್ತು ಪೊಂತದ ರಾಜ್ಯಪಾಲನಾಗಿದ್ದ ಪ್ಲಿನಿ, ಚಕ್ರವರ್ತಿ ಟ್ರಾಜನನಿಗೆ ಬರೆದ ಕಾಗದ ಇಂದಿಗೂ ಉಳಿದಿದೆ. ಕ್ರೈಸ್ತರೆಂದು ಹಿಡಿದು ತಂದವರ ಮುಂದೆ ಚಕ್ರವರ್ತಿಯ ಪ್ರತಿಮೆ ಇಡಿಸಿ, ಅದಕ್ಕೆ ಧೂಪ ಹಾಕಿ ದ್ರಾಕ್ಷಾರಸ ನೈವೇದ್ಯ ಮಾಡಿದವರನ್ನು ಬಿಟ್ಟು, ಒಲ್ಲೆ ಎಂದು ಹಟ ಹಿಡಿದವರನ್ನು ಶಿಕ್ಷೆಗೆ ಕಳಿಸಿದೆ ಎಂದು ಅವನೇ ಬರೆದುಕೊಂಡಿದ್ದಾನೆ. ಅಂಥ ಪ್ರಾಂತದಲ್ಲಿ ಚಕ್ರವರ್ತಿಗೆ ಮರ್ಯಾದೆ ಕೊಡಿ ಎಂದು ಹೇಳಿ, ಅದೇ ಉಸಿರಿನಲ್ಲಿ ಆ ಮರ್ಯಾದೆ ಎಲ್ಲರದ್ದು ಎಂದೂ ಹೇಳುವುದೆಂದರೆ ಅವನನ್ನು ಪೀಠದಿಂದ ಇಳಿಸಿ ಮನುಷ್ಯರ ಸಾಲಿನಲ್ಲಿ ನಿಲ್ಲಿಸಿದಂತೆ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಇದರಲ್ಲೇ ಇದೆ ಎಂದು ನಾನು ನಂಬುತ್ತೇನೆ. ಕ್ರೈಸ್ತ ವೇದದ ಪ್ರಕಾರ ಮರ್ಯಾದೆಯನ್ನು ಯಾರಿಗೂ ತಪ್ಪಿಸುವಂತಿಲ್ಲ. ಪೂಜೆಯನ್ನು ಯಾವ ಮನುಷ್ಯನಿಗೂ ಕೊಡುವಂತಿಲ್ಲ.

ಎಲ್ಲರಿಗೂ ಯಾಕೆ? ಆದಿಕಾಂಡದ ಮೊದಲನೆಯ ಅಧ್ಯಾಯ ಕಾರಣ ಕೊಡುತ್ತದೆ. ಗಂಡಾಗಲಿ ಹೆಣ್ಣಾಗಲಿ ಮನುಷ್ಯರೆಲ್ಲ ದೇವರ ಹೋಲಿಕೆಯಲ್ಲಿ ಆದವರು. ಬಡವನನ್ನು ಹಿಂಸಿಸುವವನು ಅವನನ್ನು ಸೃಷ್ಟಿಸಿದವನನ್ನೇ ಅವಮಾನಿಸುತ್ತಾನೆ ಎನ್ನುವ ಅರ್ಥ ಜ್ಞಾನೋಕ್ತಿಗಳ ಪುಸ್ತಕದಲ್ಲಿ ಬರುತ್ತದೆ. ಯಾಕೋಬನ ಪತ್ರಿಕೆಯಂತೂ, ದೇವರನ್ನು ಕೊಂಡಾಡುವ ಅದೇ ನಾಲಿಗೆಯಿಂದ ದೇವರ ಹೋಲಿಕೆಯಲ್ಲಿರುವವರನ್ನು ಬಯ್ಯುವುದು ಎಂಥ ವಿಪರೀತ ಎಂದು ಕೇಳುತ್ತದೆ. ಹಾಗಾಗಿ ಇಲ್ಲಿ ಮರ್ಯಾದೆ ಎನ್ನುವುದು ಒಬ್ಬನು ಸಂಪಾದಿಸಿಕೊಳ್ಳಬೇಕಾದ ವಸ್ತುವಲ್ಲ. ಓದು, ಹೊಲ, ಕುಲ, ವಯಸ್ಸು ಯಾವುದೂ ಇಲ್ಲದಿದ್ದರೂ ಅದು ಸಲ್ಲಬೇಕು.

ಆ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯವನ್ನು ನೀವು ಓದಲೇಬೇಕು. ಚಿನ್ನದ ಉಂಗುರ, ಒಳ್ಳೆಯ ಬಟ್ಟೆ ತೊಟ್ಟವನೊಬ್ಬ ಸಭೆಗೆ ಬರುತ್ತಾನೆ. ಕೊಳೆ ಬಟ್ಟೆಯ ಬಡವನೊಬ್ಬನೂ ಬರುತ್ತಾನೆ. ಮೊದಲಿನವನಿಗೆ ಮಣೆ ಹಾಕಿ ಕೂರಿಸುತ್ತಾರೆ, ಎರಡನೆಯವನಿಗೆ ಅಲ್ಲೇ ನಿಲ್ಲು, ಇಲ್ಲವೇ ಕಾಲ ಬಳಿ ನೆಲದ ಮೇಲೆ ಕೂತುಕೋ ಎನ್ನುತ್ತಾರೆ. ಹೀಗೆ ಮಾಡಿದ ಮೇಲೆ ನಿಮ್ಮ ನಂಬಿಕೆಗೆ ಏನು ಅರ್ಥ ಎಂದು ಲೇಖಕ ತರಾಟೆಗೆ ತೆಗೆದುಕೊಳ್ಳುತ್ತಾನೆ. ಜಗಲಿಯ ಮೇಲೆ ಯಾರು ಕೂರಬೇಕು, ಅಂಗಳದಲ್ಲಿ ಯಾರು ನಿಲ್ಲಬೇಕು ಎಂಬ ಲೆಕ್ಕಾಚಾರ ಗೊತ್ತಿರುವ ನಮ್ಮ ಹಳ್ಳಿಗಳಲ್ಲಿ ಈ ಪ್ಯಾರಾಕ್ಕೆ ವಿವರಣೆ ಬೇಕಿಲ್ಲ.

ಕ್ರೈಸ್ತರು ಇದನ್ನು ಪಾಲಿಸಿದರೆ ಎಂದು ಕೇಳಿದರೆ ಎಲ್ಲ ಕಾಲದಲ್ಲೂ ಪಾಲಿಸಲಿಲ್ಲ ಎಂದೇ ಹೇಳಬೇಕಾಗುತ್ತದೆ. ನಿಮ್ಮ ಬೆಟ್ಟದ ಕೆಳಗಿನ ಸತ್ಯಮಂಗಲ 17ನೆಯ ಶತಮಾನದಲ್ಲಿ ಯೇಸು ಸಭೆಯ ಪಾದ್ರಿಗಳ ನೆಲೆಗಳಲ್ಲಿ ಒಂದಾಗಿತ್ತು. ಅತ್ತ ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ, ಇತ್ತ ಶ್ರೀರಂಗಪಟ್ಟಣದ ಕಡೆ 1640ರ ದಶಕದ ಕೊನೆಗೆ ಬಂದ ಲಿಯೊನಾರ್ಡೊ ಚಿನ್ನಾಮಿ, ಕಾವಿ ಉಟ್ಟು ಸನ್ಯಾಸಿಗಳ ಹಾಗೆ ಬದುಕಿದರು. ಈ ನೆಲದ ರೀತಿನೀತಿಗೆ ಅವರು ತೋರಿಸಿದ ಗೌರವ ದೊಡ್ಡದು. ಚಿನ್ನಾಮಿ ಕನ್ನಡ ಕಲಿತು ಕನ್ನಡಕ್ಕೆ ವ್ಯಾಕರಣವನ್ನೂ ಬರೆದರು. ಆದರೆ ಮಧುರೆಯ ಮಿಷನ್ನಿನಲ್ಲಿ ಮೇಲಿನ ಜಾತಿಗಳವರಿಗೆ ಸನ್ಯಾಸಿ ಪಾದ್ರಿಗಳು, ಕೆಳಗಿನವರೆನಿಸಿಕೊಂಡವರಿಗೆ ಬೇರೆಯೇ ಪಂಡಾರ ಸ್ವಾಮಿಗಳು ಎಂಬ ಏರ್ಪಾಡು ಬಂತು. ಮೇಲಿನವರ ಮರ್ಯಾದೆ ಕಾಪಾಡಲು ಹೊರಟು ಕೆಳಗಿನವರ ಮರ್ಯಾದೆಯನ್ನು ಬಿಟ್ಟುಕೊಟ್ಟ ಹಾಗಾಯಿತು. ಈ ನೋವು ಮುಂದೆ ಶತಮಾನಗಳವರೆಗೆ ಹರಿಯಿತು. ತಿರುನೆಲ್ವೇಲಿ ಕಡೆಯ ವಡಕ್ಕನ್‌ಕುಳಂನಲ್ಲಿ 1872ರಲ್ಲಿ ಕಟ್ಟಿದ ಚರ್ಚಿನೊಳಗೆ ಜಾತಿಗೊಂದು ಕಡೆ ಎಂದು ಜನರನ್ನು ಬೇರೆಮಾಡುವ ಅಡ್ಡಗೋಡೆಯೇ ಇತ್ತು. 1910ರಲ್ಲಿ ಅದನ್ನು ಕೆಡವಿಸಿದಾಗ ಮೇಲಿನವರು ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ ಮದ್ರಾಸ್ ಹೈಕೋರ್ಟಿನವರೆಗೆ ಹೋಗಿ, ಗೋಡೆ ಬೇಕೆಂದವರು ಸೋತರು. ಯಾಕೋಬನ ಪತ್ರಿಕೆ ಆ ಚರ್ಚಿನಲ್ಲಿ ಅಷ್ಟೂ ವರ್ಷ ಇತ್ತು. ಅದನ್ನು ಓದುವ ಕಣ್ಣುಗಳು ಗೋಡೆಯ ಎರಡು ಬದಿಗಿದ್ದವು.

ಮರ್ಯಾದೆ ಕೊಡುವುದನ್ನು ಎಲ್ಲಿಂದ ಶುರುಮಾಡಬೇಕು ಎಂದರೆ ಆದಿ ಸಭೆಯ ಬೋಧಕ ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ ಕೆಳಗಿನಿಂದ ಎನ್ನುತ್ತದೆ. ಸಭೆಯನ್ನು ಅವನು ಮೈಗೆ ಹೋಲಿಸಿ, ಯಾವ ಅಂಗ ಕಡಿಮೆ ಮಾನದ್ದು ಎಂದು ತೋರುತ್ತದೆಯೋ ಅದಕ್ಕೇ ದೇವರು ಹೆಚ್ಚು ಮಾನ ಕೊಟ್ಟಿದ್ದಾನೆ ಎನ್ನುತ್ತಾನೆ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯ ಸಲಹೆ ನಮ್ಮ ಊರುಗಳ ಬಾಯಿಗೆ ಇನ್ನೂ ಹತ್ತಿರ. ವಯಸ್ಸಾದವರನ್ನು ತಂದೆ ಎಂದು, ಹುಡುಗರನ್ನು ತಮ್ಮಂದಿರೆಂದು, ಮುದುಕಿಯರನ್ನು ತಾಯಿ ಎಂದು, ಪ್ರಾಯದ ಹೆಣ್ಣುಮಕ್ಕಳನ್ನು ತಂಗಿಯರೆಂದು ಎಣಿಸಿ ಮಾತಾಡಿಸು ಎಂದು ಅಲ್ಲಿದೆ. ನೀವು ಅಣ್ಣ, ಅಕ್ಕ, ತಾತ, ಅಜ್ಜಿ ಎಂದು ಕರೆಯುವಾಗ ಇದನ್ನೇ ಮಾಡುತ್ತಿದ್ದೀರಿ. ಆದರೆ ನಿಮ್ಮನ್ನೇ ನೀವು ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆ ಇದೆ: ಆ ಅಣ್ಣ ಎಂಬ ಮಾತು ಊರಿನ ಎಲ್ಲ ಕೇರಿಗೂ ಹೋಗುತ್ತದೆಯೆ? ಎಪ್ಪತ್ತು ವರ್ಷದ ಹಿರಿಯನೊಬ್ಬ ಇಪ್ಪತ್ತರ ಹುಡುಗನಿಗೆ ‘ಬುದ್ಧೀ’ ಎನ್ನಬೇಕು, ಆ ಹುಡುಗ ಹಿರಿಯನನ್ನು ಹೆಸರು ಹಿಡಿದು ಏಕವಚನದಲ್ಲಿ ಕೂಗಬಹುದು ಎಂಬ ಪದ್ಧತಿ ನಮ್ಮ ಈ ಸೀಮೆಯಲ್ಲೇ ಇತ್ತು. ಪೂರ್ತಿ ಹೋಗಿದೆ ಎಂದು ಹೇಳಲು ನನಗೆ ಧೈರ್ಯವಿಲ್ಲ. ತಲೆ ನರೆತವರ ಮುಂದೆ ಎದ್ದು ನಿಲ್ಲಬೇಕೆಂದು ಯಾಜಕಕಾಂಡದ 19ನೆಯ ಅಧ್ಯಾಯ ಹೇಳುವಾಗ ಯಾವ ಕೇರಿಯ ನರೆಗೂದಲು ಎಂದು ಅದು ಕೇಳಿಲ್ಲ. ಹೆಂಡತಿಗೆ ಮರ್ಯಾದೆ ಕೊಡದ ಗಂಡನ ಪ್ರಾರ್ಥನೆಗೇ ಅಡ್ಡಿ ಬರುತ್ತದೆ ಎನ್ನುವ ಎಚ್ಚರಿಕೆ ಪೇತ್ರನ ಪತ್ರಿಕೆಯ ಮೂರನೆಯ ಅಧ್ಯಾಯದಲ್ಲಿದೆ. ಅದನ್ನೂ ನಿಮ್ಮ ಸ್ನೇಹಿತರಿಗೆ ನೆನಪು ಮಾಡಿ.

ತಂದೆತಾಯಿಗಳ ವಿಷಯ ಹತ್ತು ಆಜ್ಞೆಗಳಲ್ಲೇ ಇದೆ. ಅದು ಬರಿಯ ಬಾಯುಪಚಾರವಲ್ಲ. ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿ ಯೇಸು ಒಂದು ಕಳ್ಳದಾರಿಯನ್ನು ಬಯಲಿಗೆಳೆಯುತ್ತಾನೆ. ತಂದೆತಾಯಿಗೆ ಖರ್ಚಿಗೆ ಕೊಡಬೇಕಾದ ಹಣವನ್ನು ‘ಕೊರ್ಬಾನ್’, ಅಂದರೆ ದೇವರಿಗೆ ಮುಡಿಪು ಎಂದು ಹೇಳಿಬಿಟ್ಟರೆ ಕೊಡಬೇಕಾಗಿರಲಿಲ್ಲ. ಧರ್ಮದ ಹೆಸರಿನಲ್ಲಿ ಹೆತ್ತವರನ್ನು ಕೈಬಿಡುವ ಈ ಏರ್ಪಾಡು ದೇವರ ಮಾತನ್ನೇ ರದ್ದು ಮಾಡುತ್ತದೆ ಎಂದು ಯೇಸು ಸಿಟ್ಟಾಗುತ್ತಾನೆ. ದಿಕ್ಕಿಲ್ಲದ ವಿಧವೆಯರಿಗೆ ಮರ್ಯಾದೆ ಕೊಡಿ ಎಂದು ತಿಮೊಥೆಯನಿಗೆ ಬರೆದ ಪತ್ರಿಕೆ ಹೇಳಿದಾಗಲೂ ಅದರ ಅರ್ಥ ಅವರ ಊಟ, ಬಟ್ಟೆಯ ಹೊಣೆ ಹೊರಿ ಎಂದೇ. ನಮ್ಮ ದೇಶ 2007ರಲ್ಲಿ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆಂದು ಕಾಯಿದೆ ಮಾಡಬೇಕಾಗಿ ಬಂದದ್ದನ್ನು ನೋಡಿದರೆ, ಹಬ್ಬದ ದಿನ ಕಾಲಿಗೆ ಬಿದ್ದು ಉಳಿದ ದಿನ ಔಷಧಿಗೆ ಕಾಸು ಕೊಡದ ಮಕ್ಕಳು ಎಲ್ಲ ಧರ್ಮದಲ್ಲೂ ಇದ್ದಾರೆ ಎಂದಾಯಿತು.

ಈಗ ಕಾಲಿಗೆ ಬೀಳುವ ಮಾತಿಗೆ ಬರೋಣ. ಬೈಬಲು ಬಗ್ಗುವುದನ್ನು ಸಾರಾಸಗಟಾಗಿ ನಿಷೇಧಿಸುತ್ತದೆ ಎಂದು ನಿಮ್ಮ ಸ್ನೇಹಿತರು ತಿಳಿದಿದ್ದರೆ ಅದು ಅರ್ಧ ಮಾತು. ಹೆಂಡತಿಯ ಸಮಾಧಿಗೆ ಜಾಗ ಕೇಳಲು ಹೋದ ಅಬ್ರಹಾಮ, ಆ ನಾಡಿನ ಜನರ ಮುಂದೆ ಬಗ್ಗಿ ನಮಸ್ಕಾರ ಮಾಡಿದ. ಅವರು ಅವನ ಧರ್ಮದವರಲ್ಲ. ಆದಿಕಾಂಡದ ಯಾಕೋಬ (ಪತ್ರಿಕೆಯ ಯಾಕೋಬನಲ್ಲ) ತನ್ನ ಅಣ್ಣ ಏಸಾವನ ಎದುರು ಏಳು ಸಲ ನೆಲಕ್ಕೆ ಬಾಗಿದ. ಮೋಶೆ ಮಾವನಿಗೆ ಬಗ್ಗಿದ. ಪಟ್ಟಕ್ಕೆ ಬಂದ ಸೊಲೊಮೋನ ಸಿಂಹಾಸನದಿಂದ ಎದ್ದು ಬಂದು ತಾಯಿಗೆ ನಮಸ್ಕರಿಸಿ, ಅವಳಿಗೆ ಬಲಗಡೆ ಆಸನ ಹಾಕಿಸಿದ. ಇವೆಲ್ಲ ಗೌರವದ ನಮಸ್ಕಾರಗಳು. ಇವನ್ನು ಯಾರೂ ತಪ್ಪೆಂದಿಲ್ಲ.

ಇನ್ನೊಂದು ಕಡೆ ನೋಡಿ. ಎಸ್ತೇರಳ ಪುಸ್ತಕದಲ್ಲಿ ಮೊರ್ದೆಕೈ ಎಂಬವನು ಪರ್ಷಿಯಾ ದೊರೆಯ ಮಂತ್ರಿ ಹಾಮಾನನಿಗೆ ಅಡ್ಡಬೀಳಲು ಒಪ್ಪಲಿಲ್ಲ. ಅಪೊಸ್ತಲರ ಕೃತ್ಯಗಳ ಹತ್ತನೆಯ ಅಧ್ಯಾಯದಲ್ಲಿ ಕೊರ್ನೇಲ್ಯ ಎಂಬ ರೋಮನ್ ಸೇನಾಧಿಕಾರಿ ಪೇತ್ರನ ಪಾದಕ್ಕೆ ಬೀಳುತ್ತಾನೆ. ಪೇತ್ರ ಅವನನ್ನು ಕೈಹಿಡಿದು ಎಬ್ಬಿಸಿ, ತಾನೂ ಒಬ್ಬ ಮನುಷ್ಯನೇ ಎನ್ನುತ್ತಾನೆ. ಬೈಬಲಿನ ಕೊನೆಯ ಪುಸ್ತಕದಲ್ಲಿ ದೇವದೂತನೇ ಕಾಲಿಗೆ ಬಿದ್ದವನನ್ನು ತಡೆದು, ನಾನು ನಿನ್ನ ಜೊತೆಯ ಸೇವಕ, ಆರಾಧನೆ ದೇವರಿಗೆ ಸಲ್ಲಲಿ ಎಂಬ ಅರ್ಥದ ಮಾತು ಹೇಳುತ್ತಾನೆ. ಗೌರವಕ್ಕೆ ಬಗ್ಗುವುದು ಬೇರೆ, ಇವನೇ ನನ್ನ ದೇವರು ಎಂದು ಬೀಳುವುದು ಬೇರೆ ಎಂಬ ಗೆರೆ ಇಲ್ಲಿದೆ. ಆ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದರಲ್ಲಿ ಕ್ರೈಸ್ತ ಪಂಗಡಗಳಲ್ಲಿ ಒಮ್ಮತವಿಲ್ಲ. ಮಂಗಳೂರಿನ ಕಥೋಲಿಕರ ಮನೆಗಳಲ್ಲಿ ಮದುವೆಗೆ ಮುಂಚಿನ ರೋಸ್ ಶಾಸ್ತ್ರದಲ್ಲಿ ಹಿರಿಯರು ಒಬ್ಬೊಬ್ಬರಾಗಿ ಬಂದು ತೆಂಗಿನಹಾಲು ಹಚ್ಚಿ ಮದುಮಕ್ಕಳನ್ನು ಹರಸುತ್ತಾರೆ. ಇನ್ನು ಕೆಲವು ಸಭೆಗಳವರು ಪಾದಮುಟ್ಟುವುದನ್ನು ಪೂರ್ತಿ ಬಿಟ್ಟು ಎರಡೂ ಕೈ ಜೋಡಿಸುತ್ತಾರೆ. ನಿಮ್ಮ ಸ್ನೇಹಿತರು ಬಹುಶಃ ಎರಡನೆಯ ಗುಂಪಿನವರು. ಅವರು ಎದ್ದು ನಿಂತು, ಕೈ ಮುಗಿದು, ಮೆತ್ತಗೆ ಮಾತಾಡಿಸಿದರೆ ಹಿರಿಯರಿಗೆ ಸಲ್ಲಬೇಕಾದದ್ದು ಸಂದಿದೆ ಎಂದೇ ತಿಳಿಯಿರಿ.

ಒಂದು ಮಾತನ್ನು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಪ್ರೀತಿಯಿಂದ ಬೀಳುವುದು ಒಂದು, ಬೀಳಿಸಿಕೊಳ್ಳುವುದು ಇನ್ನೊಂದು. ನ್ಯಾಯ ಸೇರಿಸಿ, ತಪ್ಪುಕಾಣಿಕೆ ಎಂದು ಬಡವನನ್ನು ಎಲ್ಲರ ಕಾಲಿಗೆ ಬೀಳಿಸುವ ಕ್ರೌರ್ಯಕ್ಕೆ ಮರ್ಯಾದೆ ಎಂಬ ಹೆಸರಿಡುವುದು ಆ ಮಾತಿಗೇ ಅವಮಾನ. ಯೋಹಾನನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಗುರುವಾದ ಯೇಸು ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರು ಹಿಡಿದು, ಶಿಷ್ಯರ ಕಾಲು ತೊಳೆಯುತ್ತಾನೆ. ಆಗಿನ ಮನೆಗಳಲ್ಲಿ ಅದು ಆಳುಗಳ ಕೆಲಸ. ದೊಡ್ಡವನಾದವನು ಹೇಗಿರಬೇಕು ಎಂದು ತೋರಿಸಲೆಂದೇ ಅದನ್ನು ಮಾಡಿದ.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಕಷ್ಟದ್ದು. ಅಧಿಕಾರದಲ್ಲಿರುವವರಿಗೆ ಒಳಗಾಗಿರಿ ಎಂದು ಪೌಲ ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯ ಹೇಳುತ್ತದೆ. ತೆರಿಗೆ ಕೊಡಬೇಕಾದವರಿಗೆ ತೆರಿಗೆ, ಸುಂಕಕ್ಕೆ ಸುಂಕ, ಮರ್ಯಾದೆಗೆ ಮರ್ಯಾದೆ ಸಲ್ಲಿಸಬೇಕು ಎಂದೂ ಹೇಳುತ್ತದೆ. ಬರೆದದ್ದು ಕ್ರಿ.ಶ. 57ರ ಆಸುಪಾಸು, ಆಗ ಪಟ್ಟದಲ್ಲಿದ್ದವನು ನೀರೋ. 64ರಲ್ಲಿ ರೋಮ್ ಹೊತ್ತಿ ಉರಿದ ಮೇಲೆ ಕ್ರೈಸ್ತರ ಮೇಲೆ ತಪ್ಪು ಹೊರಿಸಿ ಕೊಲ್ಲಿಸಿದವನೂ ಅವನೇ. ಪೌಲನೂ ಪೇತ್ರನೂ ಅವನ ಕಾಲದಲ್ಲೇ ಸತ್ತರೆಂಬುದು ಸಭೆಯ ಪರಂಪರೆ. ಹೀಗಾಗಿ ಇದನ್ನು ಒಳ್ಳೆಯ ದೊರೆಯ ನೆರಳಿನಲ್ಲಿ ಕೂತು ಬರೆದ ಮಾತು ಎನ್ನುವಂತಿಲ್ಲ. ತಿಮೊಥೆಯನ ಪತ್ರಿಕೆ ಅರಸರಿಗಾಗಿ ಪ್ರಾರ್ಥನೆ ಮಾಡಿ ಎನ್ನುತ್ತದೆ. ಜನ ನೆಮ್ಮದಿಯಾಗಿ ಬದುಕಲಿ ಎಂಬುದು ಅದಕ್ಕೆ ಕೊಟ್ಟ ಕಾರಣ. ಇನ್ನೂ ಹಳೆಯದಾದ ಯೆರೆಮೀಯನ ಕಾಗದ, ಬಾಬಿಲೋನಿಗೆ ಸೆರೆಹೋದ ಜನರಿಗೆ, ನೀವಿರುವ ಪಟ್ಟಣದ ಕ್ಷೇಮವನ್ನು ಬಯಸಿ, ಮನೆ ಕಟ್ಟಿ, ತೋಟ ಮಾಡಿ ಎಂದು ಹೇಳುತ್ತದೆ. ಈ ಪಾಡು ನಿಮ್ಮ ಸೀಮೆಗೂ ಹೊಸದಲ್ಲ. 1956ರಲ್ಲಿ ರಾಜ್ಯಗಳು ಹೊಸದಾಗಿ ಆದಾಗ ಕೊಳ್ಳೇಗಾಲ ಮೈಸೂರಿಗೆ ಸೇರಿ, ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು ಎಂದು ಮೂರು ತಲೆಮಾರು ಬದುಕಿದ ನಿಮಗೆ, ಬೇರೆ ಮಾತಿನ ಸರ್ಕಾರದ ಜೊತೆ ಮರ್ಯಾದೆಯಿಂದ ನಡೆದುಕೊಂಡೂ ನಮ್ಮತನ ಬಿಡದೆ ಇರುವುದು ಹೇಗೆ ಎಂದು ನಾನು ಹೇಳಿಕೊಡಬೇಕಾಗಿಲ್ಲ.

ಆದರೆ ಇದೇ ರೋಮಾಪುರದ 13ನೆಯ ಅಧ್ಯಾಯವನ್ನು ಹಿಡಿದು, ಆಳುವವನು ಏನು ಮಾಡಿದರೂ ದೇವರ ಇಚ್ಛೆ ಎಂದು ಸಾರಿದವರು ಇತಿಹಾಸದ ಉದ್ದಕ್ಕೂ ಇದ್ದಾರೆ. ಯಜಮಾನರು ಕಠಿಣರಾದರೂ ಒಳಗಾಗಿರಿ ಎಂದು ಪೇತ್ರನ ಪತ್ರಿಕೆ ಆಳುಗಳಿಗೆ ಹೇಳುವ ಮಾತು ಗುಲಾಮರನ್ನು ದುಡಿಸುತ್ತಿದ್ದ ಅಮೆರಿಕದ ತೋಟಗಳ ಮಾಲೀಕರಿಗೆ ಚಾಟಿಯಷ್ಟೇ ಉಪಯೋಗಕ್ಕೆ ಬಂತು. ಈ ವಚನಗಳು ಅಲ್ಲಿಲ್ಲ ಎಂಬಂತೆ ಹಾರಿಹೋಗುವುದು ಪ್ರಾಮಾಣಿಕತೆಯಲ್ಲ. ಅವು ಇವೆ, ಅವು ನೋಯಿಸುತ್ತವೆ. ಬಿಡಿಸಿಕೊಳ್ಳುವ ಯಾವ ದಾರಿಯೂ ಇಲ್ಲದ ಜನರಿಗೆ, ನಿಮ್ಮ ನೋವು ದೇವರಿಗೆ ಕಾಣುತ್ತಿದೆ ಎಂದು ಧೈರ್ಯ ಹೇಳಲು ಬರೆದದ್ದನ್ನು, ಹೊಡೆಯುವ ಕೈಗೆ ಪರವಾನಗಿ ಎಂದು ಓದುವುದು ನನ್ನ ಮಟ್ಟಿಗೆ ಆ ಪತ್ರಿಕೆಗೇ ಮಾಡಿದ ದ್ರೋಹ. 1934ರ ಮೇ ತಿಂಗಳಲ್ಲಿ ಹಿಟ್ಲರನ ಜರ್ಮನಿಯಲ್ಲಿ ಬಾರ್ಮೆನ್ ಎಂಬ ಊರಿನಲ್ಲಿ ಸೇರಿದ ಕ್ರೈಸ್ತರು ಒಂದು ಘೋಷಣೆ ಹೊರಡಿಸಿದರು. ನ್ಯಾಯ ಶಾಂತಿಗಳನ್ನು ಕಾಯುವುದು ಸರ್ಕಾರದ ಕೆಲಸ, ಅದು ಮನುಷ್ಯನ ಇಡೀ ಬದುಕಿಗೇ ಒಡೆಯನಾಗಲು ಹೊರಟರೆ ಒಪ್ಪುವುದಿಲ್ಲ ಎಂಬುದು ಅದರ ಐದನೆಯ ಅಂಶ. ಆ ಅಂಶದ ತಲೆಯ ಮೇಲೆ ಅವರು ಇಟ್ಟುಕೊಂಡದ್ದು ನಾನು ಮೊದಲಿಗೆ ಹೇಳಿದ ಪೇತ್ರನ ಪತ್ರಿಕೆಯ ಅದೇ ವಚನವನ್ನು.

ಅಧಿಕಾರಕ್ಕೆ ‘ಇಲ್ಲ’ ಎಂದವರ ಸಾಲು ಬೈಬಲಿನೊಳಗೇ ಉದ್ದವಾಗಿದೆ. ಹುಟ್ಟಿದ ಗಂಡುಕೂಸುಗಳನ್ನು ಕೊಲ್ಲಿ ಎಂದು ಈಜಿಪ್ಟಿನ ಫರೋಹ ಅಪ್ಪಣೆ ಕೊಟ್ಟಾಗ ಶಿಫ್ರಾ, ಪೂಗಾ ಎಂಬ ಸೂಲಗಿತ್ತಿಯರು ಅದನ್ನು ಮಾಡಲಿಲ್ಲ. ಫರೋಹನ ಹೆಸರನ್ನು ಆ ಪುಸ್ತಕ ಹೇಳುವುದಿಲ್ಲ, ಈ ಇಬ್ಬರು ಹೆಂಗಸರ ಹೆಸರು ಹೇಳುತ್ತದೆ. ದಾನಿಯೇಲ ದೊರೆಗಳ ಜೊತೆ ಸದಾ ವಿನಯದಿಂದ ಮಾತಾಡುತ್ತಾನೆ, ಆದರೆ ಪ್ರಾರ್ಥನೆ ನಿಲ್ಲಿಸು ಎಂದರೆ ನಿಲ್ಲಿಸುವುದಿಲ್ಲ. ಮನುಷ್ಯರಿಗಿಂತ ಮೊದಲು ದೇವರ ಮಾತು ಕೇಳಬೇಕಾಗುತ್ತದೆ ಎಂದು ಅಪೊಸ್ತಲರು ಯೆರೂಸಲೇಮಿನ ಹಿರೀಸಭೆಯ ಎದುರಿಗೇ ಹೇಳಿದರು. ನಾಬೋತನ ಕತೆ ಹೊಲ ಇರುವ ಯಾರಿಗೂ ಅರ್ಥವಾಗುವಂಥದ್ದು. ದೊರೆ ಅಹಾಬ ಅರಮನೆಯ ಪಕ್ಕದ ಅವನ ದ್ರಾಕ್ಷಿತೋಟ ಕೇಳಿದ. ಬದಲಿಗೆ ಇನ್ನೂ ಒಳ್ಳೆಯ ತೋಟ ಕೊಡುತ್ತೇನೆ, ಇಲ್ಲ ರೊಕ್ಕ ಕೊಡುತ್ತೇನೆ ಎಂದ. ಪಿತ್ರಾರ್ಜಿತ ಕೊಡಲಾರೆ ಎಂದ ನಾಬೋತ. ರಾಣಿ ಈಜೆಬೆಲಳು ಸುಳ್ಳು ಸಾಕ್ಷಿ ಹೂಡಿ, ದೇವರನ್ನೂ ಅರಸನನ್ನೂ ಬೈದನೆಂದು ಆಪಾದಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸಿದಳು. ಅರಸನಿಗೆ ಅವಮಾನ ಮಾಡಿದ ಎಂಬ ಆರೋಪವೇ ಅಲ್ಲಿ ಕೊಲೆಯ ಉಪಕರಣ. ದೇವರು ಪ್ರವಾದಿ ಎಲೀಯನನ್ನು ಕಳಿಸಿದ್ದು ಅರಸನ ಪರವಾಗಿ ಅಲ್ಲ.

ಹಾಗಾದರೆ ಅನ್ಯಾಯದ ಎದುರು ಮರ್ಯಾದೆ ಹೇಗಿರುತ್ತದೆ? ಫಿಲಿಪ್ಪಿಯಲ್ಲಿ ಪೌಲ ಮಾಡಿದ್ದನ್ನು ನೋಡಿ. ವಿಚಾರಣೆಯಿಲ್ಲದೆ ಅವನನ್ನೂ ಜೊತೆಗಾರ ಸೀಲನನ್ನೂ ಬೀದಿಯಲ್ಲಿ ಹೊಡೆಸಿ ಸೆರೆಗೆ ಹಾಕಿದರು. ಮರುದಿನ ಬೆಳಿಗ್ಗೆ ಅಧಿಕಾರಿಗಳು, ಸುಮ್ಮನೆ ಹೊರಟುಹೋಗಲಿ ಎಂದು ಜವಾನರ ಕೈಲಿ ಹೇಳಿಕಳಿಸಿದರು. ಪೌಲ ಹೋಗಲಿಲ್ಲ. ನಾವು ರೋಮಿನ ಪ್ರಜೆಗಳು, ಎಲ್ಲರ ಮುಂದೆ ಹೊಡೆದು ಈಗ ಗುಟ್ಟಾಗಿ ಕಳಿಸುವುದೆಂದರೇನು, ಅವರೇ ಬಂದು ಕರೆದುಕೊಂಡು ಹೋಗಲಿ ಎಂದ. ಅವರು ಬಂದರು, ಬೇಡಿಕೊಂಡರು. ರೋಮಾಪುರದವರಿಗೆ ಒಳಗಾಗಿರಿ ಎಂದು ಬರೆದವನೂ ಇವನೇ. ಅಧಿಕಾರಕ್ಕೆ ಮರ್ಯಾದೆ ಕೊಡುವುದೆಂದರೆ ಅದರ ಕಾನೂನನ್ನು ಅದಕ್ಕೇ ನೆನಪಿಸುವುದೂ ಸೇರಿದೆ ಎಂಬುದು ಅವನ ನಡತೆಯಿಂದ ತಿಳಿಯುತ್ತದೆ.

ನಿಮ್ಮ ಸೀಮೆಗೆ ಇದು ದೂರದ ಕತೆಯಲ್ಲ. ಕಾಡುಗಳ್ಳ ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳ ಕೈಲಿ ಕಾಡಂಚಿನ ಬಡವರು, ಸೋಲಿಗರು, ಹೆಂಗಸರು ಪಟ್ಟ ಪಾಡು ಅಲ್ಲಿಯ ಹಿರಿಯರಿಗೆ ಗೊತ್ತು. ಆ ದೂರುಗಳನ್ನು ಕೇಳಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಓದುಬರಹ ಬಾರದ ಎಷ್ಟೋ ಜನ ಆ ಸಮಿತಿಯ ಮುಂದೆ ನಿಂತು ತಮಗಾದದ್ದನ್ನು ಹೇಳಿದರು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಆಯೋಗ ಹೇಳಿತು. ಕಳೆದುಕೊಂಡದ್ದಕ್ಕೆ ಅದು ಸಮವಾಗಲಿಲ್ಲ, ನಿಜ. ಆದರೆ ಯಾವ ಸರ್ಕಾರದ ಲಾಠಿ ಅವರ ಮೇಲೆ ಬಿದ್ದಿತ್ತೋ ಅದೇ ಸರ್ಕಾರದ ನ್ಯಾಯಪೀಠದ ಮುಂದೆ ಅವರು ಕೈಮುಗಿದೇ ನಿಂತು ನ್ಯಾಯ ಕೇಳಿದರು. 2022ರ ಫೆಬ್ರವರಿಯಲ್ಲಿ ಹೈಕೋರ್ಟಿನ ಆದೇಶದಂತೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ತಡೆ ಬಿದ್ದಾಗಲೂ ನಿಮ್ಮವರು ಬೀದಿಗಿಳಿದು ಪ್ರತಿಭಟಿಸಿದರು, ನ್ಯಾಯಾಲಯಕ್ಕೂ ಹೋದರು. ಇದರಲ್ಲಿ ಅಧಿಕಾರಕ್ಕೆ ಅಗೌರವ ಯಾವುದೂ ಇಲ್ಲ.

ಪಕ್ಕದ ಕೇರಳದಲ್ಲಿ ನಡೆದ ಇನ್ನೊಂದು ಪ್ರಕರಣ ನಿಮ್ಮ ಪ್ರಶ್ನೆಗೆ ತೀರ ಹತ್ತಿರದ್ದು. 1985ರಲ್ಲಿ ಯೆಹೋವನ ಸಾಕ್ಷಿಗಳು ಎಂಬ ಪಂಗಡಕ್ಕೆ ಸೇರಿದ ಮೂವರು ಮಕ್ಕಳನ್ನು, ರಾಷ್ಟ್ರಗೀತೆ ಹಾಡುವುದಿಲ್ಲ ಎಂಬ ಕಾರಣಕ್ಕೆ ಶಾಲೆಯಿಂದ ಹೊರಹಾಕಲಾಯಿತು. ಉಳಿದ ಹೆಚ್ಚಿನ ಕ್ರೈಸ್ತರು ರಾಷ್ಟ್ರಗೀತೆ ಹಾಡುತ್ತಾರೆ, ಅವರಿಗೆ ಅದರಲ್ಲಿ ಅಡ್ಡಿ ಕಾಣುವುದಿಲ್ಲ. ಈ ಪಂಗಡದವರಿಗೆ ಮಾತ್ರ ಅದು ದೇವರಿಗೆ ಸಲ್ಲಬೇಕಾದ ಸ್ತುತಿಯ ಗಡಿ ದಾಟಿದಂತೆ. ಆದರೆ ಗೀತೆ ನಡೆಯುವಾಗ ಆ ಮಕ್ಕಳು ದಿನವೂ ಎಲ್ಲರ ಜೊತೆ ಎದ್ದು ಸುಮ್ಮನೆ ನಿಲ್ಲುತ್ತಿದ್ದರು. ಸುಪ್ರೀಂ ಕೋರ್ಟಿನಲ್ಲಿ ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ ಅವರ ಪೀಠ 1986ರ ಆಗಸ್ಟ್ 11ರಂದು, ಎದ್ದು ನಿಂತದ್ದರಲ್ಲೇ ಗೌರವ ಇದೆ, ಹಾಡಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ ಎಂದು ಮಕ್ಕಳ ಪರ ತೀರ್ಪು ಕೊಟ್ಟಿತು. ಅವರ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಆದರೆ ಎದ್ದು ನಿಂತೂ ತನ್ನ ಮನಸ್ಸಾಕ್ಷಿಯನ್ನು ಬಿಡದೆ ಇರಲು ಸಾಧ್ಯ ಎಂದು ಆ ಮಕ್ಕಳು ತೋರಿಸಿದರು.

ಮಾತಿನ ಮರ್ಯಾದೆಯ ಬಗ್ಗೆಯೂ ಒಂದು ಘಟನೆ ಇದೆ. ವಿಚಾರಣೆ ನಡೆಯುವಾಗ ಪೌಲನ ಬಾಯಿಗೆ ಹೊಡೆಯಲು ಮಹಾಯಾಜಕ ಅಪ್ಪಣೆ ಕೊಟ್ಟ. ಪೌಲ ಅವನನ್ನು ಸುಣ್ಣ ಬಳಿದ ಗೋಡೆ ಎಂದು ಬೈದ. ಅವನು ಮಹಾಯಾಜಕ ಎಂದು ಗೊತ್ತಾದ ಮೇಲೆ, ನಿನ್ನ ಜನರ ಒಡೆಯನನ್ನು ಬೈಯಬೇಡ ಎಂಬ ಮೋಶೆಯ ನಿಯಮವನ್ನು ತಾನೇ ನೆನಪಿಸಿಕೊಂಡು ಮಾತು ಹಿಂತೆಗೆದುಕೊಂಡ. ಅನ್ಯಾಯ ಅನ್ಯಾಯವಲ್ಲ ಎಂದು ಹೇಳಲಿಲ್ಲ. ಬೈಗುಳವನ್ನಷ್ಟೇ ಹಿಂತೆಗೆದುಕೊಂಡ. ನಮ್ಮ ಚುನಾವಣೆ ಭಾಷಣಗಳನ್ನು ಕೇಳುವಾಗ ನನಗೆ ಇದು ನೆನಪಾಗುತ್ತಿರುತ್ತದೆ.

ಆಳುವವರಿಗೂ ಕಟ್ಟಳೆ ಇದೆ. ಧರ್ಮೋಪದೇಶಕಾಂಡದ 17ನೆಯ ಅಧ್ಯಾಯದ ಪ್ರಕಾರ ಅರಸನಾದವನು ಕುದುರೆ, ಹೆಂಡಿರು, ಬೆಳ್ಳಿಬಂಗಾರ ಹೆಚ್ಚಿಸಿಕೊಳ್ಳಬಾರದು. ಧರ್ಮಶಾಸ್ತ್ರದ ಒಂದು ಪ್ರತಿ ಬರೆದಿಟ್ಟುಕೊಂಡು ಬದುಕಿರುವಷ್ಟು ದಿನವೂ ಓದಬೇಕು. ತನ್ನ ಅಣ್ಣತಮ್ಮಂದಿರಿಗಿಂತ ತಾನು ಮೇಲು ಎಂದು ಅವನ ಮನಸ್ಸು ಉಬ್ಬಬಾರದು ಎಂಬುದೇ ಆ ಓದಿನ ಉದ್ದೇಶ. ಪಂಚಾಯ್ತಿ ಅಧ್ಯಕ್ಷರಿಂದ ಹಿಡಿದು ಪ್ರಧಾನಿಯವರೆಗೆ ಎಲ್ಲರಿಗೂ ಸಂವಿಧಾನದ ಮೇಲೆ ಪ್ರಮಾಣ ಮಾಡಿಸುವ ನಮ್ಮ ಪದ್ಧತಿಗೂ ಇದಕ್ಕೂ ನಂಟಿದೆ ಎಂದು ನನಗೆ ಅನ್ನಿಸುತ್ತದೆ.

ನಿಮ್ಮ ಸ್ನೇಹಿತರು ಬೇರೆಯವರ ದೇವರು, ಹಬ್ಬಗಳ ಬಗ್ಗೆ ಹೇಗೆ ನಡೆದುಕೊಳ್ಳಬೇಕು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ನಂಬಿಕೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡಿ, ಆದರೆ ಸಾತ್ವಿಕತೆಯಿಂದ, ಗೌರವದಿಂದ ಕೊಡಿ ಎಂಬುದು ಪೇತ್ರನ ಪತ್ರಿಕೆಯ ಇನ್ನೊಂದು ಸಲಹೆ. ಕನ್ನಡನಾಡಿಗೆ ಬಂದ ಮಿಷನರಿಗಳಲ್ಲಿ ನಮ್ಮ ದೇವರುಗಳನ್ನು ಹೀಗಳೆದು ಬರೆದವರು ಇದ್ದರು. ಅವರ ನಡುವೆಯೇ, 1843ರಲ್ಲಿ ಮಂಗಳೂರ ಸಮಾಚಾರ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚು ಹಾಕಿಸಿದರು. ಫರ್ಡಿನಾಂಡ್ ಕಿಟೆಲ್ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿ, 1894ರಲ್ಲಿ ನಿಘಂಟು ಕೊಟ್ಟರು. ಪೇತ್ರನ ಸಲಹೆಗೆ ಹತ್ತಿರ ನಡೆದವರು ಯಾರು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಕೊನೆಗೆ, ನೀವೇ ಓದಿ ನೋಡಬೇಕೆಂದಿದ್ದರೆ ಒಂದು ಸೂಚನೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ಒಂಟಿಯಾಗಿ ಓದಬೇಡಿ. ಪೌಲ ಅಧ್ಯಾಯಗಳಾಗಿ ಬರೆದವನಲ್ಲ. ಈಗಿನ ವಿಂಗಡಣೆ 13ನೆಯ ಶತಮಾನದ್ದು, ವಚನಗಳ ಅಂಕಿ 1551ರಲ್ಲಿ ಬಂದದ್ದು. 12ರಿಂದ ಓದುತ್ತಾ ಬನ್ನಿ. ಮರ್ಯಾದೆ ಕೊಡುವುದರಲ್ಲಿ ಒಬ್ಬರಿಗಿಂತ ಒಬ್ಬರು ಮುಂದಾಗಿ, ಕೇಡಿಗೆ ಕೇಡು ಮಾಡಬೇಡಿ, ಶತ್ರು ಹಸಿದಿದ್ದರೆ ಊಟಕ್ಕಿಕ್ಕಿ ಎಂಬ ಮಾತುಗಳು ಮುಗಿಯುತ್ತಿದ್ದ ಹಾಗೇ ಸರ್ಕಾರದ ಮಾತು ಬರುತ್ತದೆ. ಅದು ಮುಗಿಯುತ್ತಿದ್ದಂತೆ ನೆರೆಯವರನ್ನು ಪ್ರೀತಿಸುವ ಸಾಲವೊಂದು ಎಂದೂ ತೀರುವುದಿಲ್ಲ ಎಂಬ ಮಾತು. ಪೇತ್ರನ ಪತ್ರಿಕೆ ಐದೇ ಅಧ್ಯಾಯ, ಒಂದು ಸಂಜೆಗೆ ಮುಗಿಯುತ್ತದೆ. ನಿಮ್ಮ ಸ್ನೇಹಿತರ ಬಳಿ ಕನ್ನಡದ ಸತ್ಯವೇದ ಇದ್ದೇ ಇರುತ್ತದೆ. ಕೇಳಿ ತೆಗೆದುಕೊಂಡು, ಸಾಧ್ಯವಾದರೆ ಇಬ್ಬರೂ ಒಟ್ಟಿಗೆ ಕೂತು ಓದಿ. ಅರ್ಥವಾಗದ ಕಡೆ ಗುರುತು ಹಾಕಿಟ್ಟುಕೊಂಡು ಮತ್ತೆ ಬರೆಯಿರಿ.